ಬಂಡೆ ಏರಲು ಬಾದಾಮಿಯಲ್ಲಿ ಮನೆ ಮಾಡಿದ್ದು

ವಿಜಯಪುರದ ಮನೆಗೆ ಬೀಗ ಹಾಕಿ, ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಬಾದಾಮಿಯಲ್ಲಿ ಕೋಣೆ ಹಿಡಿದಾಗ ನನಗೆ ಬಂಡೆ ಏರುವುದರ ಓನಾಮವೂ ತಿಳಿದಿರಲಿಲ್ಲ. ಬೇಸಿಗೆಯಲ್ಲಿ ಕಾದ ಕಲ್ಲನ್ನು ಮುಟ್ಟಲಾಗದು, ಬೆವರಿದ ಬೆರಳು ಜಾರುತ್ತದೆ. ಕಲಿಯುವುದಿದ್ದರೆ ಚಳಿಗಾಲವೇ ಸರಿ, ಅದೂ ಅಲ್ಲೇ ಉಳಿದು. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರವಿರುವುದರಿಂದ, ಬಂಡೆಗಳಿಗೆ ನಡೆದೇ ಹೋಗುವಂತೆ ಊರೊಳಗೇ ಕೋಣೆ ಹುಡುಕಿದ್ದೆ. ನನ್ನ ಹಗ್ಗದ ಚೀಲ ನೋಡಿದ ಮನೆಯೊಡತಿ ಅಜ್ಜಿ, "ಮಂಗ್ಯಾ ಏರಿದಂಗ ಏರಾಕ ವಿಜಾಪುರ ಬಿಟ್ಟ ಬಂದೀಯೇನ ತಮ್ಮಾ?" ಎಂದರು.

ಇಲ್ಲಿಯ ಕೆಂಪು ಮರಳುಗಲ್ಲು ಅಡ್ಡ ಪದರಗಳಾಗಿ ಕೂತಿರುವುದರಿಂದ ಬೆರಳಿಗೆ ಅಂಚುಗಳು ಧಾರಾಳವಾಗಿ ಸಿಗುತ್ತವೆ. ಹೊಸಬನಿಗೆ ಅದೇ ಮೋಸ. ಮೊದಲ ಹತ್ತು ದಿನ ತೋಳಿನ ಬಲದಿಂದಲೇ ಜಗ್ಗಿಕೊಂಡು ಏರಿದೆ. ಸಂಜೆ ಖಾನಾವಳಿಯಲ್ಲಿ ಖಡಕ್ ರೊಟ್ಟಿ ಮುರಿಯಲೂ ಮುಂಗೈ ಒಪ್ಪುತ್ತಿರಲಿಲ್ಲ. ಕಲಿಸುತ್ತಿದ್ದ ಸ್ಥಳೀಯ ಹುಡುಗ ನನ್ನನ್ನು ಓರೆಯಾದ ಒಂದು ಬಂಡೆಗೆ ಕರೆದೊಯ್ದು, ಎರಡೂ ಮುಷ್ಟಿ ಬಿಗಿದು ಏರಲು ಹೇಳಿದ. "ಅಣ್ಣಾರ, ಕೈ ಮರೀರಿ, ಕಾಲು ನೋಡ್ರಿ." ಹಿಮ್ಮಡಿ ತಗ್ಗಿಸಿ, ಶೂ ತುದಿಯ ರಬ್ಬರನ್ನು ಕಲ್ಲಿಗೆ ಒತ್ತಿ ಅದರ ಮೇಲೆ ಮೈಭಾರ ಹಾಕಿದರೆ ಕಾಲು ನಿಲ್ಲುತ್ತದೆ ಎಂದು ನಂಬಲು ನನಗೆ ಒಂದು ವಾರ ಬೇಕಾಯಿತು.

ಹಗ್ಗದ ವಿಷಯದಲ್ಲಿ ಮಾತ್ರ ತಪ್ಪು ನನ್ನದೇ. ನಮ್ಮದು 60 ಮೀಟರಿನ ಹಗ್ಗ. ಅದು ಮೇಲಿನ ಕೊಂಡಿಯಲ್ಲಿ ಹಾದು ಮತ್ತೆ ಕೆಳಗೆ ಬರಬೇಕಾದ್ದರಿಂದ 30 ಮೀಟರಿಗಿಂತ ಎತ್ತರದ ದಾರಿಗೆ ಸಾಲದು. ಒಂದು ಬೆಳಿಗ್ಗೆ ಕಲಿಸುತ್ತಿದ್ದ ಹುಡುಗನನ್ನು ಮೇಲಿಂದ ಇಳಿಸುತ್ತಿರುವಾಗ ಕಾಲಬುಡದಲ್ಲಿ ನೋಡಿದರೆ ಹಗ್ಗ ಎರಡು ಮಾರು ಉಳಿದಿತ್ತು, ತುದಿಗೆ ಗಂಟು ಹಾಕಿರಲಿಲ್ಲ. ಆ ತುದಿ ನನ್ನ ಬಿಲೇ ಸಾಧನದಿಂದ (ಕೆಳಗಿನವನು ಹಗ್ಗವನ್ನು ತಡೆದು ಹಿಡಿಯುವ ಸಲಕರಣೆ) ನುಸುಳಿದ್ದರೆ ಅವನು ನೇರ ನೆಲಕ್ಕೆ. ಕೈ ಬಿಗಿಹಿಡಿದು ಕೂಗಿದೆ. ಅವನು ಪಕ್ಕದ ಚಾಚಿಗೆ ಕಾಲಿಟ್ಟು, ಉಳಿದದ್ದನ್ನು ನಿಧಾನವಾಗಿ ತಾನೇ ಇಳಿದು ಬಂದ. ಬೈಯಲಿಲ್ಲ, ಮರುದಿನದಿಂದ ಏರುವ ಮುನ್ನ ತುದಿಯ ಗಂಟನ್ನು ನನ್ನ ಕೈಯಿಂದಲೇ ಹಾಕಿಸಿದ.

ಅಕಾಲದ ಮಳೆ ಬಿದ್ದಾಗ ಮೇಲ್ಮೈ ಒಣಗಿದರೂ ಎರಡು ದಿನ ಕಾದೆವು, ಏಕೆಂದರೆ ನೀರು ಕುಡಿದ ಮರಳುಗಲ್ಲಿನ ಅಂಚುಗಳು ಕಿತ್ತು ಬರುತ್ತವೆ. ಆ ಬಿಡುವಿನಲ್ಲಿ ಬನಶಂಕರಿ ಜಾತ್ರೆ ಸುತ್ತಿದೆ. ಗುಹಾಲಯ, ಗುಡಿಗಳ ಕಲ್ಲಿನ ಹತ್ತಿರ ಹಗ್ಗ ಒಯ್ಯುವ ಮಾತೇ ಇಲ್ಲ.

ಫೆಬ್ರುವರಿ ಕೊನೆಗೆ 5ಸಿ ಮಟ್ಟದ ಒಂದು ದಾರಿಯನ್ನು ಬೀಳದೆ ಮುಗಿಸಿದೆ; ದಾರಿಯ ಕಷ್ಟ ಅಳೆಯುವ ಈ ಮಟ್ಟದಲ್ಲಿ ಅಂಕಿ ಏರಿದಷ್ಟೂ ಕಷ್ಟ ಹೆಚ್ಚು. ಇದೇ ಊರಿನ 'ಗಣೇಶ' ಎಂಬ ದಾರಿಯ ಮಟ್ಟ 8ಬಿ+. ಹೊರಡುವ ಹಿಂದಿನ ದಿನ ಅದರ ಬುಡದಲ್ಲಿ ನಿಂತು, ಕಾಲಿಡುವ ಜಾಗಗಳನ್ನು ಬಹಳ ಹೊತ್ತು ಹುಡುಕಿದೆ.