ಟೆಕ್ಸಸ್‌ಗೆ ಹೊಸದಾಗಿ ಬಂದವರಿಗೆ: ಸರ್ಕಾರದ ಖರ್ಚು, ಟ್ಯಾಕ್ಸ್ ಮತ್ತು ಗನ್ನಿನ ಮಾತು

ಡಲ್ಲಾಸ್ ಕಡೆ ಕೆಲಸ ಸಿಕ್ಕಿ ಬರುವ ಕನ್ನಡದವರಿಗೆ ಮನೆ ಹುಡುಕಲು, ಕಾರು ಕೊಳ್ಳಲು, ಮಕ್ಕಳನ್ನು ಸ್ಕೂಲಿಗೆ ಸೇರಿಸಲು ಸಹಾಯ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆಫೀಸಿನಲ್ಲಿ ಊಟದ ಹೊತ್ತಿಗೆ ನಡೆಯುವ ರಾಜಕೀಯದ ಮಾತನ್ನು ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಟೆಕ್ಸಸ್ ಕನ್ಸರ್ವೇಟಿವ್ ರಾಜ್ಯ. ಪಕ್ಕದ ಮನೆಯವರು, ಸಹೋದ್ಯೋಗಿಗಳು ಮೂರು ವಿಷಯ ಎತ್ತದೇ ಇರುವುದಿಲ್ಲ. ಸರ್ಕಾರ ದುಡ್ಡು ಸುರಿಯುತ್ತಿದೆ, ಟ್ಯಾಕ್ಸ್ ಜಾಸ್ತಿ, ನಮ್ಮ ಗನ್ ತಂಟೆಗೆ ಯಾರೂ ಬರಬಾರದು.

ನಾನು ಇಲ್ಲಿ ನೆಲೆಸಿ ಬಹಳ ವರ್ಷ ಆಯಿತು. ಈಗ ಸಿಟಿಜನ್, ವೋಟು ಹಾಕುತ್ತೇನೆ. ಖರ್ಚು ಮತ್ತು ಸಾಲದ ವಿಷಯದಲ್ಲಿ ನನ್ನ ಒಲವು ಕನ್ಸರ್ವೇಟಿವ್‌ಗಳ ಕಡೆಗೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವಾಗ ನಿಮಗೆ ಗೊತ್ತಿರಲಿ. ನೀವು ಒಪ್ಪಲೇಬೇಕು ಅಂತ ಏನಿಲ್ಲ. ಆದರೆ ಈ ಮೂರೂ ಮಾತಿನ ಬೇರು ಒಂದೇ. ದುಡಿದವನ ದುಡ್ಡು ಅವನ ಕೈಯಲ್ಲೇ ಇರಲಿ, ಅವನ ಮನೆ ಕಾಯುವ ಹಕ್ಕೂ ಅವನದೇ ಆಗಿರಲಿ, ಸರ್ಕಾರ ಚಿಕ್ಕದಾಗಿರಲಿ ಅನ್ನುವುದು. ಇದು ತಲೆಗೆ ಹೋದರೆ ಮಾತುಕತೆ ಅರ್ಥವಾಗುತ್ತದೆ. ಇಲ್ಲದಿದ್ದರೆ ಬರೀ ಗಲಾಟೆ ಅನಿಸುತ್ತದೆ.

ಖರ್ಚಿನ ಲೆಕ್ಕ

ಒಂದು ಟ್ರಿಲಿಯನ್ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಇಲ್ಲಿನ ಬಜೆಟ್ ವರ್ಷ ಅಕ್ಟೋಬರ್ 1ಕ್ಕೆ ಶುರು. 2025ರ ಸೆಪ್ಟೆಂಬರ್ ಕೊನೆಗೆ ಮುಗಿದ ವರ್ಷದಲ್ಲಿ ಫೆಡರಲ್ ಸರ್ಕಾರ ಖರ್ಚು ಮಾಡಿದ್ದು ಸುಮಾರು 7 ಲಕ್ಷ ಕೋಟಿ ಡಾಲರ್. ಬಂದದ್ದು ಸುಮಾರು 5.2 ಲಕ್ಷ ಕೋಟಿ. ವ್ಯತ್ಯಾಸವೆಲ್ಲ ಸಾಲ. ಅದೇ ಅಕ್ಟೋಬರ್‌ನಲ್ಲಿ ಒಟ್ಟು ಸಾಲ 38 ಲಕ್ಷ ಕೋಟಿ ಡಾಲರ್ ದಾಟಿತು. ಇಡೀ ಸೈನ್ಯಕ್ಕೆ ಹೋಗುವುದಕ್ಕಿಂತ ಜಾಸ್ತಿ ದುಡ್ಡು ಈಗ ಬರೀ ಬಡ್ಡಿಗೆ ಹೋಗುತ್ತಿದೆ.

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಒಂದು ವಾದ ಮಾಡುತ್ತಿದ್ದರು. ಟ್ಯಾಕ್ಸ್ ದರ ನೋಡಬೇಡಿ, ಸರ್ಕಾರ ಎಷ್ಟು ಖರ್ಚು ಮಾಡುತ್ತದೆ ಅಂತ ನೋಡಿ, ನಿಜವಾದ ಟ್ಯಾಕ್ಸ್ ಅದೇ ಅನ್ನುವುದು ಅದರ ಸಾರ. ಇವತ್ತು ವಸೂಲಿ ಮಾಡದಿದ್ದರೆ ನಾಳೆ ಮಾಡುತ್ತಾರೆ, ಇಲ್ಲವೇ ಬೆಲೆ ಏರಿಕೆಯಲ್ಲಿ ತೀರಿಸುತ್ತಾರೆ. ನನಗೆ ಈ ಮಾತು ಪೂರ್ತಿ ಒಪ್ಪಿಗೆ. ನಮ್ಮ ಮಕ್ಕಳು ಈ ದೇಶದಲ್ಲೇ ದುಡಿದು ಟ್ಯಾಕ್ಸ್ ಕಟ್ಟುವವರು. ಆ ಸಾಲ ಅವರ ತಲೆ ಮೇಲೆ ಬರುತ್ತದೆ.

ಆದರೆ ಹೇಳುವುದು ಒಂದು, ಮಾಡುವುದು ಒಂದು. ಈ ಖರ್ಚಿನಲ್ಲಿ ದೊಡ್ಡ ಪಾಲು ಸೋಶಿಯಲ್ ಸೆಕ್ಯುರಿಟಿ ಪಿಂಚಣಿ, ಮುದುಕರ ಆಸ್ಪತ್ರೆ ಖರ್ಚು ನೋಡುವ ಮೆಡಿಕೇರ್, ಬಡವರ ಮೆಡಿಕೇಡ್, ಸೈನ್ಯ, ಬಡ್ಡಿ. ಪಿಂಚಣಿ ಮತ್ತು ಮೆಡಿಕೇರ್ ಮುಟ್ಟಲು ಯಾವ ಪಕ್ಷಕ್ಕೂ ಧೈರ್ಯವಿಲ್ಲ. 2025ರಲ್ಲಿ ಸರ್ಕಾರದ ಖರ್ಚು ಇಳಿಸಲು ಡೋಜ್ ಅಂತ ಹೊಸ ತಂಡ ಕಟ್ಟಿ ಸಾವಿರಾರು ಜನರನ್ನು ಕೆಲಸದಿಂದ ತೆಗೆದರು. ಆದರೂ ಆ ವರ್ಷದ ಒಟ್ಟು ಖರ್ಚು ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಆಯಿತು. ಅದೇ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಟ್ಯಾಕ್ಸ್ ಕಾನೂನಿನಿಂದ ಹತ್ತು ವರ್ಷದಲ್ಲಿ ಕೊರತೆ ಇನ್ನೂ 3.4 ಲಕ್ಷ ಕೋಟಿ ಡಾಲರ್ ಏರುತ್ತದೆ ಅಂತ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು. ಕೆಂಟಕಿಯ ಸೆನೆಟರ್ ರ‍್ಯಾಂಡ್ ಪಾಲ್ ಮತ್ತು ಅದೇ ರಾಜ್ಯದ ಕೆಳಮನೆ ಸದಸ್ಯ ಥಾಮಸ್ ಮ್ಯಾಸಿ ಇಬ್ಬರೂ ರಿಪಬ್ಲಿಕನ್ನರು. ಸಾಲದ ಕಾರಣಕ್ಕೇ ಸ್ವಂತ ಪಕ್ಷದ ವಿರುದ್ಧ ವೋಟು ಹಾಕಿದರು. ಕನ್ಸರ್ವೇಟಿವ್ ಅಂದರೆ ಎಲ್ಲರೂ ಒಂದೇ ದನಿ ಅಂದುಕೊಳ್ಳಬೇಡಿ. ಟ್ಯಾಕ್ಸ್ ಇಳಿದರೆ ಸಾಕು ಅನ್ನುವವರು ಬೇರೆ, ಮೊದಲು ಖರ್ಚು ಇಳಿಯಲಿ ಅನ್ನುವವರು ಬೇರೆ. ನಾನು ಎರಡನೆಯವರ ಜೊತೆ.

ಈ ಜಗಳ ನಿಮಗೆ ನೇರವಾಗಿ ತಟ್ಟುವ ಒಂದು ಜಾಗ ಇದೆ. ಬಜೆಟ್ ಒಪ್ಪಿಗೆಯಾಗದಿದ್ದರೆ ಸರ್ಕಾರಿ ಕಚೇರಿಗಳು ಮುಚ್ಚುತ್ತವೆ. 2025ರ ಅಕ್ಟೋಬರ್ 1ರಿಂದ 43 ದಿನ ಹೀಗೆ ಮುಚ್ಚಿದ್ದವು. ಆಗ ಕಾರ್ಮಿಕ ಇಲಾಖೆಯಲ್ಲಿ ಕೆಲಸದ ವೀಸಾ ಎಚ್-1ಬಿಗೆ ಬೇಕಾದ ಎಲ್‌ಸಿಎ ಅರ್ಜಿ, ಗ್ರೀನ್ ಕಾರ್ಡಿಗೆ ಬೇಕಾದ ಪರ್ಮ್ ಅರ್ಜಿ ಎರಡೂ ಆ ತಿಂಗಳ ಕೊನೆಯವರೆಗೆ ನಿಂತುಹೋದವು. ನಿಮ್ಮ ವೀಸಾ ವಿಸ್ತರಣೆಯೋ, ಕೆಲಸ ಬದಲಾಯಿಸುವುದೋ ಇದ್ದರೆ ಸೆಪ್ಟೆಂಬರ್ ಕೊನೆಗೆ ತಳ್ಳಬೇಡಿ. ಆಗಸ್ಟ್‌ನಲ್ಲೇ ಕಂಪನಿಯ ವಕೀಲರ ಬೆನ್ನು ಹತ್ತಿ.

ಟ್ಯಾಕ್ಸ್: ಪೇ ಸ್ಲಿಪ್ ತೆಗೆದು ನೋಡಿ

ಮೊದಲ ಪೇ ಸ್ಲಿಪ್ ಬಂದಾಗ ಕೂತು ಸಾಲು ಸಾಲಾಗಿ ಓದಿ. ಫೆಡರಲ್ ಇನ್‌ಕಂ ಟ್ಯಾಕ್ಸ್ ಒಂದು ಸಾಲು. ಸೋಶಿಯಲ್ ಸೆಕ್ಯುರಿಟಿ 6.2 ಪರ್ಸೆಂಟ್, ಮೆಡಿಕೇರ್ 1.45 ಪರ್ಸೆಂಟ್ ಇನ್ನೆರಡು ಸಾಲು. ಅಷ್ಟೇ ದುಡ್ಡನ್ನು ಕಂಪನಿಯೂ ಹಾಕುತ್ತದೆ. ಪಿಂಚಣಿ ಸಿಗಬೇಕಾದರೆ 40 ಕ್ರೆಡಿಟ್ ಬೇಕು, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ. ಭಾರತ ಮತ್ತು ಅಮೆರಿಕದ ನಡುವೆ ಈ ವಿಷಯದಲ್ಲಿ ಒಪ್ಪಂದವೇ ಇಲ್ಲ. ಏಳು ವರ್ಷ ದುಡಿದು ಬೆಂಗಳೂರಿಗೆ ವಾಪಸ್ ಹೋದರೆ ಕಟ್ಟಿದ್ದು ಹೋಯಿತು. ಎಷ್ಟು ಜನ ನಮ್ಮವರ ದುಡ್ಡು ಹೀಗೆ ಇಲ್ಲೇ ಉಳಿದಿದೆಯೋ! ಇದು ಅನ್ಯಾಯ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಪೂರ್ತಿ ಕಟ್ಟುವವರಿಗೂ ಚಿಂತೆ ತಪ್ಪಿದ್ದಲ್ಲ. 2025ರ ಸರ್ಕಾರಿ ಅಂದಾಜಿನಂತೆ 2033ಕ್ಕೆ ಪಿಂಚಣಿಯ ಕೂಡಿಟ್ಟ ನಿಧಿ ಬರಿದಾಗುತ್ತದೆ.

ಓದಲು ಬಂದ ಮಕ್ಕಳಿಗೆ ಎರಡು ಮಾತು. ಎಫ್-1 ವೀಸಾದಲ್ಲಿ ಸಾಮಾನ್ಯವಾಗಿ ಮೊದಲ ಐದು ವರ್ಷ ಈ ಎರಡು ಕಡಿತ ಇರುವುದಿಲ್ಲ. ಓದು ಮುಗಿದ ಮೇಲೆ ಅದೇ ವೀಸಾದಲ್ಲಿ ಮಾಡುವ ಒಪಿಟಿ ಕೆಲಸದಲ್ಲಿ ಗೊತ್ತಿಲ್ಲದೆ ಕಡಿದಿದ್ದರೆ ವಾಪಸ್ ಕೇಳಿ. ಹಾಗೆಯೇ ಭಾರತದ ವಿದ್ಯಾರ್ಥಿಗಳಿಗೆ ಟ್ಯಾಕ್ಸ್ ಒಪ್ಪಂದದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯುವ ಅವಕಾಶ ಇದೆ. ಬೇರೆ ಹೆಚ್ಚಿನ ದೇಶದವರಿಗೆ ಇದು ಇಲ್ಲ. 2025ರ ಲೆಕ್ಕಕ್ಕೆ ಒಬ್ಬರಿಗೆ ಅದು 15,750 ಡಾಲರ್. ಸುಮ್ನೆ ಬಿಡಬೇಡಿ.

ಊರಿಗೆ ದುಡ್ಡು ಕಳಿಸುವುದರ ಮೇಲೆ ಟ್ಯಾಕ್ಸ್ ಬಂದಿದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಭಯ ಹರಡುತ್ತಿದೆ. ನಿಜ ಇಷ್ಟು. ಮೊದಲು ಐದು ಪರ್ಸೆಂಟ್ ಅಂದರು, ಆಮೇಲೆ ಮೂರೂವರೆ ಅಂದರು, ಕೊನೆಗೆ ಒಂದು ಪರ್ಸೆಂಟ್‌ಗೆ ನಿಂತಿತು. 2026ರ ಜನವರಿ 1ರಿಂದ ಜಾರಿ. ಅದೂ ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಕೊಟ್ಟು ಕಳಿಸಿದರೆ ಮಾತ್ರ. ನಿಮ್ಮ ಬ್ಯಾಂಕ್ ಖಾತೆಯಿಂದಲೋ ಇಲ್ಲಿನ ಡೆಬಿಟ್ ಕಾರ್ಡಿನಿಂದಲೋ ಕಳಿಸಿದರೆ ಅಪ್ಪ ಅಮ್ಮನ ದುಡ್ಡಿಗೆ ಕತ್ತರಿ ಬೀಳುವುದಿಲ್ಲ.

ಟೆಕ್ಸಸ್‌ನಲ್ಲಿ ರಾಜ್ಯದ ಇನ್‌ಕಂ ಟ್ಯಾಕ್ಸ್ ಇಲ್ಲ. ಇದನ್ನು ಕೇಳಿಯೇ ಕ್ಯಾಲಿಫೋರ್ನಿಯಾದಿಂದ ನಮ್ಮವರು ಹಿಂಡು ಹಿಂಡಾಗಿ ಬರುತ್ತಾರೆ. ಮನೆ ಕೊಂಡ ಮೇಲೆ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಬರುತ್ತದೆ ನೋಡಿ, ಆಗ ಗೊತ್ತಾಗುತ್ತದೆ. ಸ್ಕೂಲಿಗೆ, ಸಿಟಿಗೆ, ಕೌಂಟಿಗೆ, ಕಮ್ಯುನಿಟಿ ಕಾಲೇಜಿಗೆ ಅಂತ ಬೇರೆ ಬೇರೆ ಸಾಲು, ದೊಡ್ಡದು ಸ್ಕೂಲಿನದು. ಒಟ್ಟು ಸೇರಿ ಮನೆಯ ಬೆಲೆಯ ಎರಡು ಪರ್ಸೆಂಟ್ ಆಸುಪಾಸು ಆಗುವುದು ಮಾಮೂಲು. ಹೊಸ ಬಡಾವಣೆಗಳಲ್ಲಿ ಮಡ್ ಅಂತ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ. ನೀರು, ಚರಂಡಿಗೆ ಮಾಡಿದ ಸಾಲದ ಕಂತು ಅದು. ಬಿಲ್ಡರ್‌ನ ಮಾಡೆಲ್ ಮನೆಯಲ್ಲಿ ಗ್ರಾನೈಟ್ ಕಲ್ಲು ಮುಟ್ಟಿ ನೋಡುವ ಮೊದಲು ಒಟ್ಟು ಟ್ಯಾಕ್ಸ್ ದರ ಎಷ್ಟು, ಮಡ್ ಇದೆಯಾ ಅಂತ ಕೇಳಿ.

ಸ್ವಂತ ಮನೆಯಲ್ಲಿ ವಾಸ ಮಾಡುವವರು ಹೋಮ್‌ಸ್ಟೆಡ್ ವಿನಾಯಿತಿಗೆ ಅರ್ಜಿ ಹಾಕಬೇಕು. ಸ್ಕೂಲ್ ಟ್ಯಾಕ್ಸ್ ಲೆಕ್ಕದಲ್ಲಿ ಮನೆ ಬೆಲೆಯಿಂದ ಕಳೆಯುವ ಈ ಮೊತ್ತ 2023ರಲ್ಲಿ 40 ಸಾವಿರದಿಂದ ಒಂದು ಲಕ್ಷ ಡಾಲರ್ ಆಯಿತು. 2025ರ ನವೆಂಬರ್‌ನಲ್ಲಿ ಜನ ವೋಟು ಹಾಕಿ 1 ಲಕ್ಷ 40 ಸಾವಿರಕ್ಕೆ ಏರಿಸಿದರು. ಅರ್ಜಿಗೆ ದುಡ್ಡು ಕೊಡಬೇಕಿಲ್ಲ, ಡ್ರೈವಿಂಗ್ ಲೈಸೆನ್ಸಿನಲ್ಲಿ ಹೊಸ ಮನೆ ವಿಳಾಸ ಇರಬೇಕು. ಏಪ್ರಿಲ್ ಹೊತ್ತಿಗೆ ಮನೆಯ ಬೆಲೆ ಇಷ್ಟು ಅಂತ ನೋಟಿಸ್ ಬರುತ್ತದೆ. ಜಾಸ್ತಿ ಅನಿಸಿದರೆ ಸಾಮಾನ್ಯವಾಗಿ ಮೇ 15ರ ಒಳಗೆ ತಕರಾರು ಹಾಕಬಹುದು. ಅಕ್ಕಪಕ್ಕದ ಮನೆಗಳು ಮಾರಾಟವಾದ ಬೆಲೆ, ನಿಮ್ಮ ಮನೆಯ ಬಿರುಕು ಬಿಟ್ಟ ಗೋಡೆಯ ಫೋಟೋ ತೆಗೆದುಕೊಂಡು ಹೋಗಿ. ಏನೂ ಸಂಕೋಚ ಬೇಡ, ಇಲ್ಲಿ ಎಲ್ಲರೂ ಮಾಡುತ್ತಾರೆ.

ಈ ವಿನಾಯಿತಿ ಬಗ್ಗೆ ಕಟ್ಟಾ ಕನ್ಸರ್ವೇಟಿವ್‌ಗಳ ಆಕ್ಷೇಪ ಕೇಳುವಂಥದ್ದು. ಸ್ಕೂಲಿಗೆ ಕಡಿಮೆ ಬಿದ್ದ ದುಡ್ಡನ್ನು ರಾಜ್ಯ ತನ್ನ ಬೊಕ್ಕಸದಿಂದ ತುಂಬುತ್ತದೆ. ಆ ಬೊಕ್ಕಸಕ್ಕೆ ದೊಡ್ಡ ಪಾಲು ಬರುವುದೂ ನಾವು ಅಂಗಡಿಯಲ್ಲಿ ಕೊಡುವ ಸೇಲ್ಸ್ ಟ್ಯಾಕ್ಸ್‌ನಿಂದಲೇ, ಅದು ಊರು ಸೇರಿ 8.25 ಪರ್ಸೆಂಟ್‌ವರೆಗೆ ಇದೆ. ಎಡಗಡೆ ಜೇಬಿಗೆ ಹಾಕಿ ಬಲಗಡೆ ಜೇಬಿನಿಂದ ತೆಗೆದಂತೆ ಅಲ್ವಾ? ಸಿಟಿ ಮತ್ತು ಸ್ಕೂಲ್ ಖರ್ಚಿಗೆ ಕಡಿವಾಣ ಹಾಕದೆ ಬಿಲ್ ನಿಜವಾಗಿ ಇಳಿಯುವುದಿಲ್ಲ ಅನ್ನುವುದು ಅವರ ವಾದ. ಸರಿಯಾದ ವಾದ.

ಗನ್: ಇದನ್ನು ಎರಡು ಸಲ ಓದಿ

1791ರ ಎರಡನೇ ತಿದ್ದುಪಡಿ ಜನರಿಗೆ ಆಯುಧ ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಇದು ಒಬ್ಬೊಬ್ಬರ ವೈಯಕ್ತಿಕ ಹಕ್ಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಮನೆಯ ಹೊರಗೂ ಒಯ್ಯಬಹುದು ಅಂತ 2022ರಲ್ಲಿ ಹೇಳಿತು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿ ಇಲ್ಲದ 21 ದಾಟಿದವರು ಪರ್ಮಿಟ್ ಇಲ್ಲದೆಯೇ ಹ್ಯಾಂಡ್‌ಗನ್ ಜೊತೆಗಿಟ್ಟುಕೊಂಡು ಓಡಾಡಬಹುದು.

ನಮ್ಮೂರಿನವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಕೊಡಗಿನವರಿಗೆ ಅಷ್ಟಾಗಿ ಅಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಟೆಕ್ಸಸ್‌ನ ಹಳ್ಳಿಯ ಮನೆತನಗಳಿಗೂ ಅಜ್ಜನ ರೈಫಲ್ ಅಂದರೆ ಅಂಥದ್ದೇ ಅಭಿಮಾನ. ವ್ಯತ್ಯಾಸ ಏನೆಂದರೆ, ಕೊಡಗಿನದು ಸರ್ಕಾರ ಕೊಟ್ಟ ವಿನಾಯಿತಿ. 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದರು, ಅಂದರೆ ಮುಂದುವರಿಸದೇ ಇರಲೂಬಹುದು. ಇಲ್ಲಿನವರು ತಮ್ಮದು ಯಾರೂ ಕೊಟ್ಟದ್ದಲ್ಲ, ಆದ್ದರಿಂದ ಯಾರೂ ಕಿತ್ತುಕೊಳ್ಳಲಾರರು ಅನ್ನುತ್ತಾರೆ. ಸೈಲೆನ್ಸರ್ ಮೇಲೆ 1934ರಿಂದ ಇದ್ದ 200 ಡಾಲರ್ ಟ್ಯಾಕ್ಸ್ 2026ರಿಂದ ಸೊನ್ನೆ ಆದಾಗ ಅವರು ಅಷ್ಟು ಖುಷಿಪಟ್ಟದ್ದು ಇದಕ್ಕೇ. ಹಕ್ಕಿನ ಮೇಲೆ ಟ್ಯಾಕ್ಸ್ ಹಾಕುವುದೇ ತಪ್ಪು ಅನ್ನುವುದು ಅವರ ನಿಲುವು.

ಆದರೆ ಈ ಹಕ್ಕು ನಿಮ್ಮದಲ್ಲ, ಸದ್ಯಕ್ಕಂತೂ. ಎಚ್-1ಬಿ, ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿ ಬಂದವರು ಗನ್ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಶಿಕ್ಷೆ 15 ವರ್ಷದವರೆಗೆ ಜೈಲು, ಆಮೇಲೆ ಗಡೀಪಾರು. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಇನ್ನೂ ಕೆಲವು ಇವೆ. ವಕೀಲರನ್ನು ಕೇಳದೆ ಆ ಮಾತು ನಂಬಬೇಡಿ. ಶನಿವಾರ ಆಫೀಸಿನ ಗೆಳೆಯರು ಶೂಟಿಂಗ್ ರೇಂಜಿಗೆ ಕರೆಯುತ್ತಾರೆ, ಬಾಡಿಗೆ ಗನ್ ತಾನೇ, ಒಂದು ಫೋಟೋ ಅಂತಾರೆ. ಸುಮ್ಮನೆ ಕೈಯಲ್ಲಿ ಹಿಡಿದರೂ ಗನ್ ಇಟ್ಟುಕೊಂಡಂತೆಯೇ ಲೆಕ್ಕ. ವೀಸಾ ಕಾರಣ ಹೇಳಿ ಬೇಡ ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಕಾನೂನಿಗೆ ನಡೆಯುವವರು ಅಂದರೆ ಅವರಿಗೆ ಗೌರವ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳಬಹುದು.

ಓಡಾಡುವಾಗ ಕಣ್ಣು ತೆರೆದಿರಲಿ. ಆಸ್ಪತ್ರೆ, ಅಂಗಡಿ ಬಾಗಿಲಲ್ಲಿ 30.06, 30.07 ಅಂತ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ದಪ್ಪ ಅಕ್ಷರದ ಬೋರ್ಡ್ ಕಾಣುತ್ತದೆ. ಇಲ್ಲಿ ಗನ್ ತರಬೇಡಿ ಅಂತ ಅರ್ಥ. ಹಳ್ಳಿ ಕಡೆ ಮರಕ್ಕೆ, ಬೇಲಿ ಕಂಬಕ್ಕೆ ನೇರಳೆ ಬಣ್ಣ ಬಳಿದಿದ್ದರೆ ಅದು ಖಾಸಗಿ ಜಾಗ, ಒಳಗೆ ಕಾಲಿಡಬಾರದು. ಬ್ಲೂಬಾನೆಟ್ ಹೂವಿನ ಜೊತೆ ಫೋಟೋ ತೆಗೆಸಿಕೊಳ್ಳುವ ಆಸೆಗೆ ಬೇಲಿ ಹಾರಬೇಡಿ. ಪೊಲೀಸರು ಕಾರು ನಿಲ್ಲಿಸಿದರೆ ನಮ್ಮಲ್ಲಿಯಂತೆ ಕೆಳಗಿಳಿದು ಅವರ ಹತ್ತಿರ ಹೋಗಬೇಡಿ. ಸೀಟಿನಲ್ಲೇ ಕೂತು ಎರಡೂ ಕೈ ಸ್ಟೀರಿಂಗ್ ಮೇಲೆ ಇಡಿ. ಲೈಸೆನ್ಸ್ ತೆಗೆಯುವ ಮೊದಲು ಎಲ್ಲಿದೆ ಅಂತ ಹೇಳಿ, ಆಮೇಲೆ ನಿಧಾನವಾಗಿ ತೆಗೆಯಿರಿ.

2022ರ ಮೇ 24ರಂದು ಇದೇ ರಾಜ್ಯದ ಯುವಾಲ್ಡಿಯ ಸ್ಕೂಲಿನಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಗುಂಡಿಗೆ ಬಲಿಯಾದರು. ಗನ್ ಕಾನೂನು ಬಿಗಿ ಮಾಡಿ ಅಂತ ಒಂದು ಕಡೆ ಕೂಗಿತು. ಪ್ರತಿ ಸ್ಕೂಲಿಗೂ ಆಯುಧ ಇರುವ ಕಾವಲುಗಾರ ಇರಲಿ ಅಂತ ಇನ್ನೊಂದು ಕಡೆ ಹೇಳಿತು. ಟೆಕ್ಸಸ್ 2023ರಲ್ಲಿ ಎರಡನೆಯದನ್ನೇ ಕಾನೂನು ಮಾಡಿತು. ನಿಮ್ಮ ಮಗುವಿನ ಸ್ಕೂಲಿನಲ್ಲಿ ಲಾಕ್‌ಡೌನ್ ಡ್ರಿಲ್ ನಡೆಯುತ್ತದೆ. ಲೈಟು ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ಕಲಿಸುತ್ತಾರೆ. ಮಗು ಮನೆಗೆ ಬಂದು ಕೇಳಿದಾಗ ಮಾತು ಮರೆಸಬೇಡಿ, ಕೂರಿಸಿಕೊಂಡು ಸಮಾಧಾನವಾಗಿ ಹೇಳಿ.

ಗನ್ ಹಕ್ಕನ್ನು ನಾನು ಒಪ್ಪುತ್ತೇನೆ. ಬೀಗ ಹಾಕದೆ ಇಡುವುದನ್ನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. 17 ವರ್ಷದ ಒಳಗಿನ ಮಕ್ಕಳ ಕೈಗೆ ಸಿಗುವ ಹಾಗೆ ತುಂಬಿದ ಗನ್ ಇಡುವುದು ಟೆಕ್ಸಸ್‌ನಲ್ಲೂ ಅಪರಾಧ. ಮಗುವನ್ನು ಬೇರೆಯವರ ಮನೆಗೆ ಆಟಕ್ಕೆ ಕಳಿಸುವ ಮೊದಲು, "ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ?" ಅಂತ ಕೇಳಿ. ನೇರವಾಗಿ ಕೇಳಿ. ಜವಾಬ್ದಾರಿ ಇರುವವರು ಸೇಫ್ ತೋರಿಸಿಯೇ ತೋರಿಸುತ್ತಾರೆ.

ನೀವು ಎಲ್ಲಿ ಬಾಯಿ ಹಾಕಬಹುದು

ವಾದ ಮಾಡಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಲೈಸೆನ್ಸ್ ಕೌಂಟರ್‌ನಲ್ಲಿ ವೋಟರ್ ಆಗಿ ಸೇರುತ್ತೀರಾ ಅಂತ ಕೇಳಿದರೆ ಸಿಟಿಜನ್ ಆಗುವವರೆಗೆ ಇಲ್ಲ ಅನ್ನಲೇಬೇಕು. ಗೊತ್ತಿಲ್ಲದೆ ಹೌದು ಅಂದರೂ ಗ್ರೀನ್ ಕಾರ್ಡಿಗೆ ಕುತ್ತು. ಗ್ರೀನ್ ಕಾರ್ಡ್ ಇಲ್ಲದವರು ಯಾವ ಅಭ್ಯರ್ಥಿಗೂ ದೇಣಿಗೆ ಕೊಡುವಂತಿಲ್ಲ. ಪ್ರಚಾರದವರು ಮಾರುವ ಟೋಪಿ, ಟಿ-ಶರ್ಟ್ ಕೊಂಡರೂ ಅದು ದೇಣಿಗೆಯೇ. ಸಂಬಳ ತೆಗೆದುಕೊಳ್ಳದೆ ಪ್ರಚಾರದ ಕೆಲಸ ಮಾಡಿಕೊಡಬಹುದು.

ಇನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಿಟಿಯವರು, ಸ್ಕೂಲ್ ಬೋರ್ಡಿನವರು ಮುಂದಿನ ವರ್ಷದ ಬಜೆಟ್ ಮತ್ತು ಟ್ಯಾಕ್ಸ್ ದರದ ಮೇಲೆ ಸಾರ್ವಜನಿಕ ಸಭೆ ಕರೆಯುತ್ತಾರೆ. ನಿಮ್ಮ ವೀಸಾ ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಬಾಗಿಲ ಹತ್ತಿರ ಹೆಸರು ಬರೆಸಿದರೆ ಕೆಲವು ನಿಮಿಷ ಮೈಕ್ ಸಿಗುತ್ತದೆ. ಹೆಚ್ಚಿನ ಸಭೆಗಳಲ್ಲಿ ಕುರ್ಚಿಗಳು ಖಾಲಿ ಇರುತ್ತವೆ. ನಿಮ್ಮ ಬಿಲ್ಲನ್ನೇ ಹಿಡಿದುಕೊಂಡು ಹೋಗಿ ಮಾತಾಡಿ.