ಬೆಂಗಳೂರಿಗೊಂದು ಸ್ವತಂತ್ರ ಮಾರ್ಗದರ್ಶಿ ಜಾಲತಾಣ: ಕಟ್ಟುವ ಬಗೆ

ಇಡೀ ಬೆಂಗಳೂರನ್ನು ಬರೆಯುತ್ತೇನೆಂದು ಒಬ್ಬರೇ ಹೊರಟರೆ ಕೆಲಸ ಮೂರು ತಿಂಗಳಲ್ಲಿ ಕೈಬಿಟ್ಟುಹೋಗುತ್ತದೆ. ಯಲಹಂಕದ ಹೋಟೆಲಿಗೆ ವಾರದ ರಜೆ ಯಾವತ್ತೆಂದು ಜಯನಗರದಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ, ಹೋಗಿ ತಿಳಿದು ಬರುತ್ತೇನೆಂದರೆ ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತದೆ. ಆದ್ದರಿಂದ ಸಂಜೆ ಕಾಲ್ನಡಿಗೆಯಲ್ಲಿ ಸುತ್ತಿ ರಾತ್ರಿ ಊಟದ ಹೊತ್ತಿಗೆ ಮನೆಗೆ ಮರಳಬಹುದಾದಷ್ಟು ಪ್ರದೇಶವನ್ನು ಮಾತ್ರ ಮೊದಲು ಆರಿಸಿಕೊಳ್ಳಬೇಕು. ನಾನು ಆರಿಸಿಕೊಂಡದ್ದು ಬಸವನಗುಡಿಯನ್ನು. ಗಾಂಧಿ ಬಜಾರು, ದೊಡ್ಡ ಬಸವಣ್ಣನ ಗುಡಿ, ವಿ.ವಿ. ಪುರದ ತಿಂಡಿ ಬೀದಿ, ಲಾಲ್‌ಬಾಗಿನ ಪಶ್ಚಿಮ ದ್ವಾರ, ಇಷ್ಟರೊಳಗೇ ಐವತ್ತು ಪುಟಗಳಿಗೆ ಸಾಲುವಷ್ಟು ಸಾಮಗ್ರಿ ಇದೆ.

ಒಂದು ಪುಟದಲ್ಲಿ ಏನಿರಬೇಕು ಎಂಬುದಕ್ಕೆ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಯನ್ನೇ ನೋಡೋಣ. ಬೆಳೆ ಮೇಯುತ್ತಿದ್ದ ಬಸವನ ಕಥೆ ಎಲ್ಲ ಕಡೆಯೂ ಸಿಗುವುದರಿಂದ ಅದಕ್ಕೆ ಎರಡು ಸಾಲು ಸಾಕು. ನಾಳೆ ಹೊರಡಲಿರುವ ಓದುಗರಿಗೆ ಬೇಕಾದದ್ದು ದಿನ, ದಾರಿ ಮತ್ತು ವಾಡಿಕೆ. ಪರಿಷೆ ನಡೆಯುವುದು ಕಾರ್ತಿಕ ಮಾಸದ ಕಡೆಯ ಸೋಮವಾರ. ಆದರೆ ಅಂಗಡಿಗಳು ಮುಂಚಿತವಾಗಿಯೇ ಹರಡಿಕೊಳ್ಳುವುದರಿಂದ, ನೂಕುನುಗ್ಗಲು ಬೇಡವೆನ್ನುವ ಹಿರಿಯರು ಹಿಂದಿನ ದಿನಗಳಲ್ಲಿ ಬೆಳಿಗ್ಗೆಯೇ ಬಂದುಹೋಗಬಹುದು ಎಂದು ಬರೆಯಬೇಕು. ಜನಸಂದಣಿಯ ಆ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಗೆ ಗಾಡಿ ತರುವುದು ದಡ್ಡತನ, ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆಯುವುದೇ ಸರಿ. ಹಸಿ, ಹುರಿದ, ಬೇಯಿಸಿದ ಕಾಯಿಗಳ ರಾಶಿಗಳನ್ನು ದಾಟುತ್ತ ಹೋದಾಗ, ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿದ ಮೇಲೆ ವ್ಯಾಪಾರದಾಕೆ ಇನ್ನೊಂದು ಹಿಡಿ ಕೊಸರು ಹಾಕುತ್ತಾಳೆ, ಹಾಕದಿದ್ದರೆ ಕೇಳಬೇಕು. ಈ ಒಂದು ವಾಕ್ಯಕ್ಕಾಗಿಯೇ ಹೊರಗಿನವರು ನಿಮ್ಮ ಪುಟವನ್ನು ತೆರೆಯುತ್ತಾರೆ.

ಹಬ್ಬ ಜಾತ್ರೆಗಳ ವಿಷಯದಲ್ಲಿ ತಾರೀಖಿನ ಜೊತೆಗೆ ಅದು ಬರುವ ಲೆಕ್ಕವನ್ನೂ ಬರೆಯುವುದು ಒಳ್ಳೆಯದು. ಧರ್ಮರಾಯಸ್ವಾಮಿ ದೇವಸ್ಥಾನದ ಕರಗ ಹೊರಡುವುದು ಚೈತ್ರ ಪೌರ್ಣಮಿಯ ರಾತ್ರಿ, ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದರ ತಾರೀಖು ಪ್ರತಿವರ್ಷವೂ ಬದಲಾಗುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವಾದರೋ ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನಲ್ಲೇ ಬರುತ್ತದೆ. ಪುಟದ ವಿಳಾಸದಲ್ಲಿ ಇಸವಿಯನ್ನು ಸೇರಿಸದಿದ್ದರೆ ಅದೇ ಪುಟವನ್ನು ವರ್ಷವರ್ಷವೂ ತಿದ್ದಿಕೊಂಡು ಹೋಗಬಹುದು.

ಹೆಸರುಗಳ ಬಗ್ಗೆ ಸ್ವಲ್ಪ ಹೆಚ್ಚೇ ಶ್ರಮ ಪಡಬೇಕಾಗುತ್ತದೆ. ಬೆಂಗಳೂರು ನಗರ ರೈಲು ನಿಲ್ದಾಣಕ್ಕೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದೆ, ಎದುರಿಗಿರುವುದು ಕೆಂಪೇಗೌಡ ಬಸ್ ನಿಲ್ದಾಣ, ಆದರೆ ಆಟೊದವರಿಗೆ ಎರಡೂ ಮೆಜೆಸ್ಟಿಕ್ಕೇ. ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಪುಲಿಕೇಶಿನಗರವೆಂದರೆ ಹಳಬರು ಫ್ರೇಜರ್ ಟೌನೇ ಎಂದು ಮರುಪ್ರಶ್ನೆ ಹಾಕುತ್ತಾರೆ. ಫಲಕದ ಮೇಲಿನ ಹೆಸರು, ಬಾಯಿಮಾತಿನ ಹೆಸರು ಎರಡೂ ಮೊದಲ ಪ್ಯಾರಾದಲ್ಲೇ ಇದ್ದರೆ ಹುಡುಕುವವರಿಗೂ ಸಿಗುತ್ತದೆ, ದಾರಿ ಕೇಳುವವರಿಗೂ ಅನುಕೂಲ. ಬರಹವೆಲ್ಲ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಲೇಖನಗಳಿದ್ದರೆ ಪರಿವರ್ತಿಸಿಯೇ ಏರಿಸಬೇಕು, ಇಲ್ಲದಿದ್ದರೆ ಗೂಗಲ್ಲಿಗೆ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ.

ತಾಂತ್ರಿಕ ಭಾಗವನ್ನು ಜನ ಅಗತ್ಯಕ್ಕಿಂತ ಹೆಚ್ಚು ದೊಡ್ಡದು ಮಾಡುತ್ತಾರೆ. ಒಂದು ಡೊಮೇನ್, ಸಾಧಾರಣ ಹೋಸ್ಟಿಂಗ್, ವರ್ಡ್‌ಪ್ರೆಸ್, ಇಷ್ಟೇ ಸಾಕು. ಕನ್ನಡ ಲಿಪಿಯಲ್ಲೇ ವಿಳಾಸ ಬೇಕೆನ್ನುವವರಿಗೆ .ಭಾರತ ಡೊಮೇನ್ ಇದೆ, ಆದರೂ ಬಾಯಲ್ಲಿ ಹೇಳಿ ಟೈಪ್ ಮಾಡಿಸಲು ಸುಲಭವೆಂದು ನಾನು .ಇನ್ ಅನ್ನೇ ಇಟ್ಟುಕೊಂಡೆ. ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಬಹುದು, ಕೊಡುಗೆದಾರರ ಉಲ್ಲೇಖವನ್ನು ಮಾತ್ರ ಮರೆಯಬಾರದು. ಫೋಟೊಗಳನ್ನು ನೀವೇ ತೆಗೆಯಿರಿ.

ಪ್ರತಿ ಪುಟದ ತಲೆಯ ಮೇಲೆ, ಸ್ವತಃ ಹೋಗಿ ನೋಡಿದ ದಿನಾಂಕವನ್ನು ಹಾಕುವ ಪದ್ಧತಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಆರಂಭದಲ್ಲಿ ಒಂದು ದರ್ಶಿನಿಯ ಸಮಯವನ್ನು ಇನ್ನೊಂದು ಕಡೆಯಿಂದ ನೋಡಿ ಬರೆದುಬಿಟ್ಟಿದ್ದೆ. ಅದನ್ನು ನಂಬಿದ ಒಬ್ಬರು ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದು ಮುಚ್ಚಿದ ಶಟರಿನ ಮುಂದೆ ನಿಂತು ನನಗೆ ಫೋಟೊ ಕಳಿಸಿದರು, ಜೊತೆಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಅಂದಿನಿಂದ ಕಣ್ಣಾರೆ ಕಾಣದ ಸಮಯವನ್ನು ಬರೆಯುವುದಿಲ್ಲ. ಸರ್ಕಾರಿ ವಿವರಗಳೂ ಹಳಸುತ್ತವೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಾಗ ಕಚೇರಿಗಳ ಕುರಿತ ಪುಟಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕಾಯಿತು. ಬಸ್ಸಿನ ವಿಷಯದಲ್ಲಿಯೂ ಹಾಗೆಯೇ: 2023ರ ಜೂನ್ 11ರಂದು ಆರಂಭವಾದ, ಉಚಿತ ಪ್ರಯಾಣದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಅನ್ವಯಿಸುತ್ತದೆ, ಹವಾನಿಯಂತ್ರಿತ ವಜ್ರ ಬಸ್ಸುಗಳಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನು ಬಿಡಿಸಿ ಬರೆಯದಿದ್ದರೆ ಓದುಗರು ಕಂಡಕ್ಟರ್ ಮುಂದೆ ಮುಜುಗರಪಡುತ್ತಾರೆ.

ಸ್ವತಂತ್ರ ಎಂಬ ಮಾತಿಗೆ ಪರೀಕ್ಷೆ ಬರುವುದು ಜಾಲತಾಣ ನಾಲ್ಕು ಜನರ ಕಣ್ಣಿಗೆ ಬಿದ್ದ ಮೇಲೆ. ಹೋಟೆಲಿನವರು ಗುರುತು ಹಿಡಿದು, ದುಡ್ಡು ಬೇಡ ಸಾರ್ ಎನ್ನುತ್ತ ಖಾಲಿ ದೋಸೆಯ ಜೊತೆ ಕೇಸರಿಬಾತನ್ನೂ ತಂದಿಡುತ್ತಾರೆ. ಇದು ಲಂಚವೆಂದು ಅವರ ಮನಸ್ಸಿನಲ್ಲಿರುವುದಿಲ್ಲ, ನಮ್ಮ ಕಡೆಯ ಉಪಚಾರವೇ ಹಾಗೆ. ಆದರೂ ಬಿಲ್ಲು ಕೊಟ್ಟೇ ಏಳಬೇಕು, ಏಕೆಂದರೆ ಮುಂದಿನ ತಿಂಗಳು ಅಲ್ಲಿನ ಚಟ್ನಿ ಹುಳಿಯಾಗಿತ್ತೆಂದು ಬರೆಯುವಾಗ ಆ ಕೇಸರಿಬಾತು ಅಡ್ಡ ಬರುತ್ತದೆ. ಖರ್ಚು ತೂಗಿಸಲು ಜಾಹೀರಾತು ತೆಗೆದುಕೊಳ್ಳುವುದು ತಪ್ಪೇನಲ್ಲ, ಆದರೆ ಅದರ ಮೇಲೆ ಜಾಹೀರಾತು ಎಂದು ಕಾಣುವಂತೆ ಬರೆದಿರಬೇಕು. ಹಣ ಅಥವಾ ಉಡುಗೊರೆ ಪಡೆದು ಬರೆದದ್ದನ್ನು ಹಾಗೆಂದೇ ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿಯೂ 2021ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಹದಿನೈದು ಪುಟಗಳಾದ ಮೇಲೆ, ಎಲ್ಲರಿಗೂ ತಿಳಿಸುವ ಮೊದಲು, ಊರಿನಿಂದ ಬಂದ ನೆಂಟರೊಬ್ಬರ ಕೈಗೆ ಫೋನಿನಲ್ಲಿ ಒಂದು ಪುಟವನ್ನು ತೆರೆದುಕೊಟ್ಟು, ಬಾಯಲ್ಲಿ ಏನೂ ಹೇಳದೆ ಕಳಿಸಿ ನೋಡಿ. ನಮ್ಮ ತುಮಕೂರಿನ ಭಾವ ಪರಿಷೆಗೆ ಹೊರಟವರು ಇಪ್ಪತ್ತೇ ನಿಮಿಷಕ್ಕೆ ಫೋನ್ ಮಾಡಿದರು. ನ್ಯಾಷನಲ್ ಕಾಲೇಜು ನಿಲ್ದಾಣದ ಮೆಟ್ಟಿಲಿಳಿದು ನಿಂತಿದ್ದೇನೆ, ಎಡಕ್ಕೋ ಬಲಕ್ಕೋ ಎಂದು ಕೇಳಿದರು. ಪುಟದಲ್ಲಿ ಅದು ಇರಲಿಲ್ಲ. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಎರಡೂ ಕಡೆಯ ಮೆಟ್ಟಿಲುಗಳನ್ನು ಇಳಿದು ನೋಡಿ ಬರೆದು ಸೇರಿಸಿದೆ.