ಲಿಸ್ಬನ್‌ನಲ್ಲಿ ಕೊನೆಯ ದಿನ: ಅಮ್ಮನ ಜೊತೆ ಭೂಕಂಪದ ಜಾಡು ಹಿಡಿದು

ಪ್ರವಾಸದ ಕೊನೆಯ ದಿನ ಹೇಗೆ ಕೈಜಾರುತ್ತದೆ ಅಂತ ಸುತ್ತಾಡುವವರಿಗೆಲ್ಲ ಗೊತ್ತು. ಬೆಳಿಗ್ಗೆ ರೂಮು ಖಾಲಿ ಮಾಡಬೇಕು. ವಿಮಾನ ಇರುವುದು ರಾತ್ರಿ. ನಡುವಿನ ಹೊತ್ತೆಲ್ಲ ನೋಡದೆ ಉಳಿದ ಜಾಗಗಳ ಪಟ್ಟಿ ಹಿಡಿದು ಓಡುವುದರಲ್ಲೇ ಮುಗಿಯುತ್ತದೆ.

ಪೋರ್ಚುಗಲ್ ಪ್ರವಾಸದ ಕೊನೆಯ ದಿನ ಲಿಸ್ಬನ್‌ನಲ್ಲಿ ನಾನು ಪಟ್ಟಿಯನ್ನೇ ಬಿಟ್ಟೆ. ಒಂದೇ ಒಂದು ಕಥೆ ಆರಿಸಿಕೊಂಡೆ: 1755ರ ಭೂಕಂಪ. ಆ ಕಥೆ ಎಲ್ಲೆಲ್ಲಿ ಕಣ್ಣಿಗೆ ಕಾಣುತ್ತದೋ ಆ ಜಾಗಗಳಿಗೆ ಮಾತ್ರ ಹೋಗುವುದು, ಅಷ್ಟೆ. ಜೊತೆಗೆ ಅಮ್ಮ ಇದ್ದರು. ಅವರಿಗೆ ಮಂಡಿನೋವು. ಲಿಸ್ಬನ್ ಅಂದರೆ ಬರೀ ಗುಡ್ಡ, ಮೆಟ್ಟಿಲು. ಕಾಲುದಾರಿಗೆ ಹಾಸಿದ ಬಿಳಿ ಕಲ್ಲುಗಳು ಬೇರೆ ಸವೆದು ನುಣ್ಣಗಾಗಿರುತ್ತವೆ. ಹಾಗಾಗಿ ದಾರಿ ಹಾಕುವಾಗ ನನ್ನ ನಿಯಮ ಇಷ್ಟೇ: ಹತ್ತುವುದಕ್ಕೆ ಬಸ್ಸು, ಇಳಿಯುವುದಕ್ಕೆ ಕಾಲು.

ಬ್ಯಾಗುಗಳನ್ನು ಹೋಟೆಲಿನಲ್ಲೇ ಬಿಟ್ಟೆವು. ರೂಮು ಖಾಲಿ ಮಾಡಿದ ಮೇಲೂ ಸಂಜೆವರೆಗೆ ಇಟ್ಟುಕೊಳ್ಳುತ್ತಾರೆ, ಕೇಳಬೇಕು ಅಷ್ಟೇ. 24 ಗಂಟೆಯ ಪಾಸ್ ತೆಗೆದುಕೊಂಡರೆ ಬಸ್ಸು, ಟ್ರಾಮ್, ಮೆಟ್ರೊ ಎಲ್ಲಕ್ಕೂ ನಡೆಯುತ್ತದೆ. ಪ್ರಸಿದ್ಧವಾದ 28ನೇ ನಂಬರಿನ ಹಳದಿ ಟ್ರಾಮಿಗೆ ನಾವು ಹೋಗಲಿಲ್ಲ. ಅದರಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಜೇಬುಗಳ್ಳರ ಕಾಟವೂ ಜಾಸ್ತಿ. ಪಾಸ್‌ಪೋರ್ಟ್ ಮೈಮೇಲೆ ಇಟ್ಟುಕೊಂಡು ತಿರುಗುವ ದಿನಕ್ಕೆ ಅದು ಬೇಡವೇ ಬೇಡ. ಫಿಗೇಯ್ರಾ ಚೌಕದಿಂದ 737 ನಂಬರಿನ ಪುಟ್ಟ ಬಸ್ಸು ಗುಡ್ಡದ ಮೇಲಿನ ಸಾವ್ ಜಾರ್ಜ್ ಕೋಟೆಯವರೆಗೆ ಹೋಗುತ್ತದೆ. ಅದನ್ನೇ ಹತ್ತಿದೆವು.

ಕೋಟೆಯಲ್ಲಿ ನವಿಲುಗಳು ಓಡಾಡುತ್ತವೆ. ಅಮ್ಮನಿಗೆ ಅಲ್ಲೇ ಅರ್ಧ ಗಂಟೆ ಕಳೆಯಿತು. ನನಗೆ ಬೇಕಿದ್ದದ್ದು ಬೇರೆ. ಈ ಕೋಟೆಯ ಒಂದು ಗೋಪುರದಲ್ಲೇ ರಾಜ್ಯದ ದಾಖಲೆಗಳನ್ನು ಇಡುತ್ತಿದ್ದರು. ಭೂಕಂಪದಲ್ಲಿ ಗೋಪುರ ಬಿತ್ತು, ಆದರೆ ಕಾಗದಗಳು ಉಳಿದವು. ಅವನ್ನು ಉಳಿಸಿದವರು ದಾಖಲೆಗಳ ಉಸ್ತುವಾರಿ ಹೊತ್ತಿದ್ದ ಮನುವೆಲ್ ದ ಮಾಯಾ. ಹುಟ್ಟಿದ್ದು 1677ರಲ್ಲಿ. ಅಂದರೆ ಆಗ ಅವರಿಗೆ 78ರ ಆಸುಪಾಸು! ರಾಜ್ಯದ ಮುಖ್ಯ ಎಂಜಿನಿಯರ್ ಕೂಡ ಅವರೇ. ಹೊಸ ಲಿಸ್ಬನ್ ಹೇಗೆ ಕಟ್ಟಬೇಕು ಅಂತ ಯೋಚಿಸಿ, ಒಂದಲ್ಲ, ಹಲವು ದಾರಿಗಳನ್ನು ಸರ್ಕಾರದ ಮುಂದಿಟ್ಟರು. ಆ ವಯಸ್ಸಿನಲ್ಲಿ, ಅಷ್ಟು ಸಾವುಗಳ ನಡುವೆ ಹಳೆಯದನ್ನೂ ಕಾಪಾಡಿ ಹೊಸದನ್ನೂ ಯೋಚಿಸಿದ ಮನುಷ್ಯ. ಊರಿನ ತುಂಬ ರಾಜರ ಪ್ರತಿಮೆಗಳಿವೆ. ನನ್ನ ಗೌರವ ಮಾತ್ರ ಈ ಮುದುಕನಿಗೆ.

ಕೋಟೆಯಿಂದ ನಿಧಾನವಾಗಿ ಇಳಿದರೆ ಸಾಂಟಾ ಲೂಸಿಯಾ ಎಂಬ ಚಿಕ್ಕ ಚರ್ಚು ಸಿಗುತ್ತದೆ. ಅದರ ಪಕ್ಕದ ಜಗುಲಿಯಿಂದ ಅಲ್ಫಾಮಾದ ಕೆಂಪು ಹೆಂಚುಗಳೂ ತೇಜೊ ನದಿಯೂ ಕಾಣುತ್ತವೆ. ಎಲ್ಲರೂ ನದಿ ಕಡೆ ಮುಖ ಮಾಡಿ ಫೋಟೊ ತೆಗೆಯುತ್ತಾರೆ. ನೀವು ಸ್ವಲ್ಪ ಹಿಂದಕ್ಕೆ ತಿರುಗಿ ಚರ್ಚಿನ ಹೊರಗೋಡೆ ನೋಡಿ. ನೀಲಿ ಬಿಳಿ ಟೈಲ್ಸಿನ ದೊಡ್ಡ ಚಿತ್ರ ಇದೆ. ನದಿ ದಂಡೆಯ ದೊಡ್ಡ ಚೌಕ ಭೂಕಂಪಕ್ಕೆ ಮೊದಲು ಹೇಗಿತ್ತು ಅಂತ ಅದು ತೋರಿಸುತ್ತದೆ. ನಾನು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡೆ. ಇಡೀ ದಿನಕ್ಕೆ ನಮ್ಮ ನಕ್ಷೆ ಅದೇ.

ಅಲ್ಫಾಮಾ ಬಹುಪಾಲು ಉಳಿದುಕೊಂಡ ಹಳೇ ಕೇರಿ. ಅದಕ್ಕೇ ಅಲ್ಲಿನ ಗಲ್ಲಿಗಳು ಇವತ್ತಿಗೂ ಅಂಕುಡೊಂಕು. ದಾರಿಯಲ್ಲಿ ಕಲ್ಲಿನ ಹಳೇ ಕ್ಯಾಥೆಡ್ರಲ್‌ಗೆ ಒಂದು ಇಣುಕು ಹಾಕಿ ಕೆಳಗಿಳಿದೆವು. ರಸ್ತೆ ಬದಿಯಲ್ಲಿ ಹುರಿದ ಚೆಸ್ಟ್‌ನಟ್ ಮಾರುತ್ತಿದ್ದರು. ಅಕ್ಟೋಬರ್ ಕೊನೆಯ ವಾರ ಅದು, ಅದರ ಕಾಲ. ಬಿಸಿಬಿಸಿ ಪೊಟ್ಟಣ ಕೊಂಡೆವು. ಮೊಟ್ಟೆ ತಿನ್ನದ ಅಮ್ಮನಿಗೆ ಇಲ್ಲಿನ ಪ್ರಸಿದ್ಧ ಪಾಸ್ಟೆಲ್ ದ ನಾಟಾ ಆಗುವುದಿಲ್ಲ, ಅದರ ಹೂರಣವೇ ಮೊಟ್ಟೆಯ ಹಳದಿ. ತರಕಾರಿ ಸೂಪಿನಲ್ಲೂ ಹಂದಿಮಾಂಸದ ತುಂಡು ಹಾಕುವುದುಂಟು. ಕೇಳಿಯೇ ತಿನ್ನಬೇಕು.

ಕೆಳಗೆ ಬಂದರೆ ಟೈಲ್ಸಿನ ಚಿತ್ರದಲ್ಲಿದ್ದ ಅದೇ ಜಾಗ. ಈಗ ಹೆಸರು ಪ್ರಾಸಾ ದು ಕೊಮೆರ್ಸಿಯು. ಜನ ಇವತ್ತಿಗೂ ‘ಅರಮನೆ ಅಂಗಳ’ ಎಂಬ ಅರ್ಥದ ಹಳೇ ಹೆಸರಿನಿಂದಲೇ ಕರೆಯುತ್ತಾರೆ. ಅರಮನೆ ಮಾತ್ರ ಇಲ್ಲ. ಮೂರು ಕಡೆ ಹಳದಿ ಕಟ್ಟಡಗಳ ಸಾಲು, ನಾಲ್ಕನೇ ಕಡೆ ನದಿ. ಫೋಟೊ ತೆಗೆದು ಎದುರಿಗೆ ಹಿಡಿದು ಹೋಲಿಸಿದೆವು. ನದಿ ಬಿಟ್ಟು ಬೇರೇನೂ ತಾಳೆಯಾಗಲಿಲ್ಲ.

1755ರ ನವೆಂಬರ್ 1, ಶನಿವಾರ. ಸಕಲ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು, ಚರ್ಚುಗಳು ತುಂಬಿದ್ದವು, ಎಲ್ಲೆಡೆ ಮೇಣದಬತ್ತಿ ಉರಿಯುತ್ತಿತ್ತು. ನೆಲ ನಡುಗಿತು. ಕಟ್ಟಡಗಳು ಬೀಳುವುದನ್ನು ಕಂಡು ಜನ ಬಯಲು ಜಾಗ ಅಂತ ನದಿ ದಂಡೆಗೆ ಓಡಿಬಂದರು. ಸ್ವಲ್ಪ ಹೊತ್ತಿಗೆ ಅಲ್ಲಿಗೇ ಸಮುದ್ರದ ದೈತ್ಯ ಅಲೆ ನುಗ್ಗಿತು. ಅತ್ತ ಊರಿನೊಳಗೆ ಹತ್ತಿದ ಬೆಂಕಿ ದಿನಗಟ್ಟಲೆ ಆರಲಿಲ್ಲ. ಸತ್ತವರು ಹತ್ತಾರು ಸಾವಿರ. ಅರಮನೆಯ ಜೊತೆ ಸುಮಾರು 70,000 ಪುಸ್ತಕಗಳ ಗ್ರಂಥಾಲಯ ಹೋಯಿತು. ಅದೇ ವರ್ಷ ಉದ್ಘಾಟನೆಯಾಗಿದ್ದ ಹೊಸ ಒಪೆರಾ ಮನೆಯೂ ಹೋಯಿತು.

ಇಲ್ಲೇ ಇದ್ದ ಇನ್ನೊಂದು ಮನೆಯ ವಿಷಯ ಅಮ್ಮನಿಗೆ ಹೇಳಿದೆ. ಕಾಜಾ ದ ಇಂಡಿಯಾ, ಭಾರತದ ಜೊತೆಗಿನ ಪೂರ್ತಿ ವ್ಯಾಪಾರ ನೋಡಿಕೊಳ್ಳುತ್ತಿದ್ದ ಕಚೇರಿ. ಹಡಗಿನಲ್ಲಿ ಬಂದ ಕಾಳುಮೆಣಸು ಇಲ್ಲಿಗೇ ಬರುತ್ತಿತ್ತು. ಅಮ್ಮನ ತವರು ಹೊನ್ನಾವರದ ಕಡೆ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡುತ್ತಲೇ ಬೆಳೆದವರು. "ನಮ್ಮ ಬದಿ ಮೆಣಸೂ ಇಲ್ಲಿಗೇ ಬಂದಿತ್ತನಾ?" ಅಂದರು. ಹೌದು, ಹೊನ್ನಾವರ, ಭಟ್ಕಳದ ಬಂದರುಗಳಿಂದ ಪೋರ್ಚುಗೀಸರು ಮೆಣಸು ಕೊಂಡಿದ್ದಾರೆ. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಅವರಿಟ್ಟ ಹೆಸರೇ ಕಾಳುಮೆಣಸಿನ ರಾಣಿ ಅಲ್ವಾ? ಅಮ್ಮ ಆಮೇಲೆ ನದಿಗಿಳಿಯುವ ಕಲ್ಲಿನ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತರು. ನಾನೂ ಅವಸರ ಮಾಡಲಿಲ್ಲ. ಒಂದೇ ಕಥೆ ಆರಿಸಿಕೊಂಡಿದ್ದರ ಲಾಭ ಇದೇ. ಮುಂದಿನ ಜಾಗ ತಪ್ಪಿಹೋಗುತ್ತದೆ ಎಂಬ ಭಯ ಇರುವುದಿಲ್ಲ.

ಚೌಕದ ಕಮಾನು ದಾಟಿದರೆ ಬೈಶಾ, ಭೂಕಂಪದ ನಂತರ ಹೊಸದಾಗಿ ಕಟ್ಟಿದ ಪೇಟೆ. ಗೆರೆ ಹಾಕಿದ ಹಾಗೆ ನೇರ ರಸ್ತೆಗಳು. ಒಂದೊಂದು ಕಸುಬಿಗೆ ಒಂದೊಂದು ಬೀದಿ: ಚಿನ್ನದವರದು, ಬೆಳ್ಳಿಯವರದು, ಚಪ್ಪಲಿ ಹೊಲಿಯುವವರದು. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ ಇದ್ದ ಹಾಗೆ. ಸುಮ್ನೆ ನೋಡಿದರೆ ಇವು ಬೋಳು ಕಟ್ಟಡಗಳು. ವಿಶೇಷ ಇರುವುದು ಗೋಡೆಯ ಒಳಗೆ. ಮರದ ತೊಲೆಗಳನ್ನು ಅಡ್ಡ, ಉದ್ದ, ಓರೆಯಾಗಿ ಜೋಡಿಸಿ ಪಂಜರ ಮಾಡಿ, ಅದರ ಸುತ್ತ ಗೋಡೆ ಕಟ್ಟಿದರು. ನೆಲ ನಡುಗಿದರೆ ಮರ ಬಳುಕುತ್ತದೆ, ಕಟ್ಟಡ ಕುಸಿಯುವುದಿಲ್ಲ ಅನ್ನುವ ಲೆಕ್ಕ. ಮಾದರಿ ಕಟ್ಟಿ ಸುತ್ತಲೂ ಸೈನಿಕರಿಂದ ಕವಾಯತು ಮಾಡಿಸಿ ಪರೀಕ್ಷೆ ಮಾಡಿದರಂತೆ. ಬೆಂಕಿ ಮನೆಯಿಂದ ಮನೆಗೆ ಹಾರದಿರಲಿ ಅಂತ ನಡುಗೋಡೆಗಳನ್ನು ಚಾವಣಿಗಿಂತ ಎತ್ತರಕ್ಕೆ ಏರಿಸಿದರು. ತಲೆ ಎತ್ತಿ ನೋಡಿದರೆ ಇವತ್ತಿಗೂ ಕಾಣುತ್ತವೆ.

ಇದನ್ನೆಲ್ಲ ಮಾಡಿಸಿದವನು ಮಂತ್ರಿ ಪೊಂಬಾಲ್. ಅವನ ಕಾಲದಲ್ಲಿ ಊರೂರಿನ ಪಾದ್ರಿಗಳಿಗೆ ಪ್ರಶ್ನೆಪಟ್ಟಿ ಹೋಯಿತು. ಎಷ್ಟು ಹೊತ್ತು ನಡುಗಿತು? ಬಾವಿ ನೀರು ಏನಾಯಿತು? ಸಮುದ್ರ ಮೊದಲು ಏರಿತಾ, ಇಳಿಯಿತಾ? ಇದು ದೇವರ ಶಿಕ್ಷೆ ಅಂತ ಪ್ರವಚನ ನಡೆಯುತ್ತಿದ್ದ ಕಾಲದಲ್ಲಿ ಹೀಗೆ ಕೇಳಿದ್ದು ದೊಡ್ಡದು.

ಕೊರ್ರೆಯೇರುಸ್ ಬೀದಿಯಲ್ಲಿ ಒಂದು ಬ್ಯಾಂಕ್ ಕಟ್ಟಡವಿದೆ. ಅದರ ನೆಲಮಾಳಿಗೆಯಲ್ಲಿ ಹೊಸ ಪೇಟೆಯ ಅಡಿಪಾಯಕ್ಕೆ ಹೊಡೆದ ಪೈನ್ ಮರದ ಗೂಟಗಳನ್ನೂ ರೋಮನ್ನರು ಮೀನು ಉಪ್ಪು ಹಾಕುತ್ತಿದ್ದ ತೊಟ್ಟಿಗಳನ್ನೂ ನೋಡಬಹುದು. ಪ್ರವೇಶ ಉಚಿತ, ಗೈಡ್ ಜೊತೆ ಗುಂಪಾಗಿ ಕರೆದೊಯ್ಯುತ್ತಾರೆ. ಮುಂಚೆಯೇ ಬುಕ್ ಮಾಡಿಕೊಳ್ಳಿ.

ರೊಸಿಯು ಚೌಕದ ಪಕ್ಕದ ಸಾವ್ ಡೊಮಿಂಗೊಸ್ ಚರ್ಚಿನಲ್ಲಿ ನಾನು ಮಾತು ಕಳೆದುಕೊಂಡೆ. 1755ರಲ್ಲಿ ಬಿದ್ದು ಮತ್ತೆ ಎದ್ದದ್ದು. 1959ರಲ್ಲಿ ಒಳಗೆಲ್ಲ ಸುಟ್ಟುಹೋಯಿತು. ಆ ಗಾಯಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಕಂಬಗಳ ಕಲ್ಲು ಬೆಂಕಿಗೆ ಚಕ್ಕೆ ಎದ್ದು ನಿಂತಿದೆ. ಹೊರಗೆ 1506ರಲ್ಲಿ ಇಲ್ಲಿ ಕೊಲೆಯಾದ ಯಹೂದಿಗಳ ನೆನಪಿನ ಕಲ್ಲಿದೆ. ಅದನ್ನು ನೋಡದೆ ಮುಂದೆ ಹೋಗಬೇಡಿ.

ಕೊನೆಗೆ ಕಾರ್ಮೊ ಮಠ. ಅದು ಮತ್ತೆ ಗುಡ್ಡದ ಮೇಲೆ. ಆದರೆ ಬೈಶಾ-ಶಿಯಾದು ಮೆಟ್ರೊ ನಿಲ್ದಾಣದ ಎಸ್ಕಲೇಟರುಗಳು ಕೆಳಗಿನ ಪೇಟೆಯಿಂದ ಮೇಲಿನ ಶಿಯಾದುವಿಗೆ ನೇರ ಎತ್ತಿಬಿಡುತ್ತವೆ. ಸಾಂಟಾ ಜೂಸ್ತಾ ಲಿಫ್ಟಿನ ಉದ್ದ ಸಾಲಿನಲ್ಲಿ ನಿಲ್ಲುವ ಅಗತ್ಯವೇ ಇಲ್ಲ. 1389ರಲ್ಲಿ ಶುರುವಾದ ಈ ಮಠದ ಚರ್ಚಿಗೆ ಚಾವಣಿಯೇ ಇಲ್ಲ. ಕಮಾನುಗಳ ಮೇಲೆ ಬರೀ ಆಕಾಶ. ಭೂಕಂಪದ ನಂತರ ಮತ್ತೆ ಕಟ್ಟಲು ಹೊರಟಿದ್ದರು. 1834ರಲ್ಲಿ ಮಠಗಳನ್ನೇ ರದ್ದು ಮಾಡಿದಾಗ ಕೆಲಸ ನಿಂತಿತು. ಆಮೇಲೆ ಬೇಕೆಂದೇ ಹಾಗೇ ಬಿಟ್ಟರು. ಒಳಗೆ ಪುಟ್ಟ ಮ್ಯೂಸಿಯಂ ಇದೆ. ಅಮ್ಮ ಕಂಬದ ಬುಡದಲ್ಲಿ ಕೂತು ಚಪಾತಿ ಚಟ್ನಿಪುಡಿಯ ಡಬ್ಬಿ ತೆಗೆಯಲು ಹೊರಟರು. ಹೊರಗಿನ ಚೌಕದ ಬೆಂಚಿನ ಮೇಲೆ ತಿಂದೆವು.

ಅಲ್ಲಿಂದ ಹೋಟೆಲಿಗೆ ಹೋಗಿ ಬ್ಯಾಗು ಎತ್ತಿಕೊಂಡು, ಹಸಿರು ಲೈನಿನಲ್ಲಿ ಅಲಮೇಡಾಕ್ಕೆ, ಅಲ್ಲಿಂದ ಕೆಂಪು ಲೈನಿನಲ್ಲಿ ವಿಮಾನ ನಿಲ್ದಾಣಕ್ಕೆ ಬಂದೆವು. ನಿಲ್ದಾಣ ಊರೊಳಗೇ ಇರುವುದರಿಂದ ದಾರಿ ಹತ್ತಿರ. ಪಾಸ್‌ಪೋರ್ಟ್ ಸಾಲು ಮಾತ್ರ ಉದ್ದ, ಮೂರು ಗಂಟೆ ಮುಂಚೆ ಹೋಗಿ. ಇನ್ನೊಂದು ಮಾತು, ಕಾರ್ಮೊ ಮ್ಯೂಸಿಯಂ, ಬ್ಯಾಂಕಿನ ನೆಲಮಾಳಿಗೆ ಎರಡೂ ಭಾನುವಾರ ಮುಚ್ಚಿರುತ್ತವೆ. ನಿಮ್ಮ ಕೊನೆಯ ದಿನ ಭಾನುವಾರ ಬಿದ್ದರೆ ಅವೆರಡನ್ನೂ ಶನಿವಾರವೇ ನೋಡಿಬಿಡಿ. ಕೋಟೆಯಿಂದ ಸಾವ್ ಡೊಮಿಂಗೊಸ್‌ವರೆಗಿನ ಉಳಿದ ಇಳಿಜಾರನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.